ಭಟ್ಕಳ ಹೊನ್ನಾವರಗಳ ವ್ಯಾಪಾರದ ಕರಾರುಗಳು

1502ನೆಯ ಇಸವಿಯಲ್ಲಿ ವಾಸ್ಕೊ ದ ಗಾಮನ ಹಡಗುಗಳು ಭಟ್ಕಳದ ಮುಂದೆ ನಿಂತಾಗ ಅಲ್ಲಿಯ ಅರಸನು ಒಪ್ಪಿಕೊಂಡ ಷರತ್ತುಗಳನ್ನು ವ್ಯಾಪಾರದ ಒಪ್ಪಂದವೆಂದು ಕರೆಯುವುದುಂಟು. ಈ ಹೆಸರು ಆ ಕರಾರಿಗೆ ಎಷ್ಟರಮಟ್ಟಿಗೆ ಸಲ್ಲತಕ್ಕದ್ದೆಂಬುದು ವಿಚಾರಾರ್ಹವಾದ ವಿಷಯ. ಇದನ್ನು ನಿರ್ಣಯಿಸಲು ಅದಕ್ಕೂ ಹಿಂದೆ ಪರದೇಶದ ವರ್ತಕರಿಗೂ ಅನ್ಯಮತೀಯ ದೊರೆಗಳಿಗೂ ನಡುವೆ ಎಂತಹ ಕಟ್ಟಳೆಗಳಿದ್ದುವೆಂಬುದನ್ನು ನೋಡಬೇಕು.

ಅಂತಹ ಕರಾರುಗಳು ಲಿಖಿತ ರೂಪದಲ್ಲಿ ಹೇರಳವಾಗಿ ಉಳಿದಿರುವುದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ. ವೆನಿಸ್ ನಗರವು 1229ರಲ್ಲಿ ಅಲೆಪ್ಪೊದ ಸುಲ್ತಾನನೊಡನೆಯೂ, ಜಿನೋವಾ ನಗರವು 1290ರಲ್ಲಿ ಈಜಿಪ್ಟಿನ ಸುಲ್ತಾನ ಕಲಾವೂನನೊಡನೆಯೂ ಇಂತಹ ಸಂಧಿಗಳನ್ನು ಮಾಡಿಕೊಂಡುವು. ವರ್ತಕನ ಪ್ರಾಣಕ್ಕೂ ಸರಕಿಗೂ ಅಭಯ, ಗೊತ್ತಾದ ಸುಂಕ, ಇಳಿದುಕೊಳ್ಳಲು ಬಿಡಾರ—ಇವು ಈ ಬಗೆಯ ಸಂಧಿಗಳ ತಿರುಳು. ಅರಬ್ಬರು ‘ಫುಂದುಕ್’ ಎನ್ನುತ್ತಿದ್ದ ಆ ಬಿಡಾರಕ್ಕೆ ಇಟಲಿಯವರು ‘ಫೊಂದಾಕೊ’ ಎಂದು ಹೆಸರಿಟ್ಟುಕೊಂಡುದರಿಂದಲೇ ವ್ಯವಸ್ಥೆಯು ಯಾರಿಂದ ಯಾರಿಗೆ ಬಂದಿತೆಂಬುದು ಸ್ಪಷ್ಟವಾಗುತ್ತದೆ. ಧರ್ಮಯುದ್ಧಗಳ ನಡುವೆಯೂ ಈ ಕರಾರುಗಳು ಮತ್ತೆ ಮತ್ತೆ ಹೊಸದಾಗುತ್ತಿದ್ದುವು. ಇಟಲಿಯವರು ಅಲೆಗ್ಸಾಂಡ್ರಿಯದಲ್ಲಿ ಕೊಳ್ಳುತ್ತಿದ್ದ ಮೆಣಸು ನಮ್ಮ ಪಡುವಣ ಕರಾವಳಿಯದು. ಆದುದರಿಂದ ಆ ಸಂಧಿಗಳ ಇನ್ನೊಂದು ತುದಿ ಇಲ್ಲಿಯೇ ಇದ್ದಿತೆಂದರೆ ಅತಿಶಯೋಕ್ತಿಯಾಗಲಾರದು.

ಆದರೆ ಈ ತುದಿಯಲ್ಲಿ ಬರೆಹಕ್ಕಿಂತ ಬಂದರಿನ ರೂಢಿಯೇ ಪ್ರಧಾನವಾಗಿತ್ತು. 1342-43ರ ಸುಮಾರಿಗೆ ಇಬನ್ ಬತೂತನು ಹೊನ್ನಾವರದಲ್ಲಿ ಕಂಡ ಸುಲ್ತಾನ ಜಮಾಲುದ್ದೀನನು ಸ್ವತಂತ್ರನಲ್ಲ. ‘ಹರ್ಯಬ್’ ಎಂಬ ಅನ್ಯಮತೀಯ ರಾಜನ ಅಧೀನನು. ಈ ಹರ್ಯಬನನ್ನು ವಿಜಯನಗರದ ಒಂದನೆಯ ಹರಿಹರನೆಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಜಮಾಲುದ್ದೀನನ ಹಡಗುಗಳ ಭಯದಿಂದ ಮಲಬಾರಿನವರು ವರ್ಷವರ್ಷವೂ ಅವನಿಗೆ ಗೊತ್ತಾದ ಕಪ್ಪವನ್ನು ಸಲ್ಲಿಸುತ್ತಿದ್ದರು. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುವೆಂಬ ಪ್ರಸಿದ್ಧವಾದ ಮಾತೂ ಅವನದೇ. ಪ್ರಕೃತ ವಿಷಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು, ದಕ್ಷಿಣದ ಫಾಕನೂರಿನ, ಎಂದರೆ ಬಾರಕೂರಿನ, ವಿಷಯವಾಗಿ ಅವನು ಹೇಳಿರುವುದು. ಆ ಕಡೆ ಹಾಯುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆಯನ್ನೊಪ್ಪಿಸಬೇಕು. ಇದಕ್ಕೆ ‘ಬಂದರಿನ ಹಕ್ಕು’ ಎಂದು ಹೆಸರು. ತಪ್ಪಿಸಿಕೊಂಡ ಹಡಗನ್ನು ಬೆನ್ನಟ್ಟಿ ತಂದು ಇಮ್ಮಡಿ ಸುಂಕ ಹೇರುತ್ತಿದ್ದರು. ಈ ಹಕ್ಕು ಕಠಿನವಾದುದೇ. ಆದರೆ ಬಂದವನು ಯಾರೆಂದಾಗಲಿ, ಮುಂದೆ ಯಾವ ಬಂದರಿಗೆ ಹೋಗುವನೆಂದಾಗಲಿ ಅದು ಕೇಳುವುದಿಲ್ಲ.

ಕರಾವಳಿಯ ಶಾಸನಗಳಲ್ಲಿ ಬರುವ ‘ಹಂಜಮಾನ’ವೆಂಬ ಸಂಘವೂ ಈ ರೂಢಿಗೆ ಸೇರಿದುದು. ಪಾರಸಿಯ ‘ಅಂಜುಮನ್’ ಶಬ್ದವು ಕನ್ನಡದ ನಾಲಗೆಯಲ್ಲಿ ಹೀಗೆ ಮಾರ್ಪಟ್ಟಿದೆ. ಪರದೇಶದಿಂದ ಬಂದು ನೆಲಸಿದ ವರ್ತಕರು, ಹೆಚ್ಚಾಗಿ ಮುಸಲ್ಮಾನರು, ಇದರಲ್ಲಿದ್ದು ಊರಿನ ಇತರ ಸಂಘಗಳೊಡನೆ ಸ್ಥಾನಮಾನಗಳನ್ನು ಪಡೆದಿದ್ದರು. ಆದರೂ ರೂಢಿಯನ್ನು ಹೊಗಳುವಾಗ ಅದರ ದೌರ್ಬಲ್ಯವನ್ನು ಮರೆಯಲಾಗದು. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ, ಬಹಮನಿಯವರಿಗೆ ಕುದುರೆಗಳನ್ನು ಮಾರಿದರೆಂಬ ಕಾರಣಕ್ಕಾಗಿ ವಿಜಯನಗರದ ಅರಸನ ಅಪ್ಪಣೆಯಂತೆ ಈ ಬಂದರುಗಳ ಮುಸಲ್ಮಾನ ವರ್ತಕರ ಹತ್ಯೆ ನಡೆಯಿತೆಂದೂ, ಉಳಿದವರು ಗೋವೆಗೆ ಓಡಿಹೋದರೆಂದೂ ಪೋರ್ತುಗೀಸ್ ಇತಿಹಾಸಕಾರ ಬಾರೋಸನು ಬರೆದಿದ್ದಾನೆ. ಅಂದು ಅವರು ಎತ್ತಿ ತೋರಬಹುದಾದ ಅಭಯಪತ್ರವೊಂದೂ ಅವನ ಕಥನದಲ್ಲಿ ಕಾಣಬರುವುದಿಲ್ಲ.

ಇನ್ನು 1502ರ ಕರಾರು. ಗಾಸ್ಪರ್ ಕೊರಿಯನು ಹೇಳುವಂತೆ ಭಟ್ಕಳದ ಅರಸನು ಪ್ರತಿವರ್ಷವೂ ನಾವಿಕರ ಊಟಕ್ಕೆ 1000 ಹೇರು ಸಾಧಾರಣ ಅಕ್ಕಿಯನ್ನೂ ನಾಯಕರಿಗಾಗಿ 500 ಹೇರು ಉತ್ತಮವಾದ ಅಕ್ಕಿಯನ್ನೂ ಕೊಡತಕ್ಕದ್ದು. ಬಂದರಿನಲ್ಲಿ ತುರುಕರು ವ್ಯಾಪಾರಮಾಡಕೂಡದು, ಮೆಣಸಿನ ವಿಕ್ರಯ ನಡೆಯಕೂಡದು, ಕಲ್ಲಿಕೋಟೆಗೆ ಹಡಗು ಹೋಗಕೂಡದು. ಕೊರಿಯನು ಕಾಲಾಂತರದಲ್ಲಿ ಬರೆದವನು, ಅವನ ಅಂಕಿಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಷರತ್ತುಗಳ ಸ್ವರೂಪವಂತೂ ಪೋರ್ತುಗೀಸರ ಮುಂದಿನ ನಡತೆಗೆ ಸರಿಯಾಗಿ ಹೊಂದುತ್ತದೆ. ಜಿನೋವಾದ ಸಂಧಿಯು ವರ್ತಕನಿಗೆ ಏನು ಸಿಗತಕ್ಕದ್ದೆಂದು ಹೇಳುತ್ತದೆ. ಇದು ಮೂರನೆಯವನಿಗೆ ಏನು ಸಿಗಕೂಡದೆಂದು ಹೇಳುತ್ತದೆ. ಅಕ್ಕಿಯು ಕಪ್ಪ, ಉಳಿದುದು ನಿಷೇಧ. ಇದನ್ನು ವ್ಯಾಪಾರದ ಒಪ್ಪಂದವೆನ್ನುವುದು ಶಬ್ದಕ್ಕೆ ಅನ್ಯಾಯ.

ನಿಷೇಧವು ಪೂರ್ಣವಾಗಿ ನಡೆಯಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಇಲ್ಲಿ ಹಾದುಹೋದ ಇಟಲಿಯ ಪ್ರವಾಸಿ ವರ್ತೆಮನು ಭಟ್ಕಳದಲ್ಲಿ ಅಕ್ಕಿ ಸಕ್ಕರೆಗಳ ಸಮೃದ್ಧಿಯನ್ನೂ ವ್ಯಾಪಾರನಿರತರಾದ ಮುಸಲ್ಮಾನರನ್ನೂ ಕಂಡನು. ಹೋರ್ಮುಜಿನ ಹಡಗುಗಳು ಕುದುರೆಗಳನ್ನು ತಂದು ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ಒಯ್ಯುತ್ತಿದ್ದುವೆಂದು ಬಾರ್ಬೋಸನೂ ಹೇಳುತ್ತಾನೆ. ಕುಮಟೆಯ ಬಳಿಯ ಮಿರ್ಜಾನವೂ ಬಾರ್ಬೋಸನ ಬರೆವಣಿಗೆಯಲ್ಲಿ ಬಂದಿದೆ.

1547ರ ಸೆಪ್ಟೆಂಬರ್ ತಿಂಗಳಲ್ಲಿ ಸದಾಶಿವರಾಯನಿಗೂ ಗೋವೆಯ ಗವರ್ನರ್ ಜೋವಾವ್ ದ ಕಾಸ್ತ್ರೊವಿಗೂ ಆದ ಸಂಧಿಯಲ್ಲಿ ಕೊಡುಕೊಳ್ಳುವಿಕೆಯ ಅಂಶವಿದ್ದುದು ನಿಜ. ಗೋವೆಗೆ ಬರುವ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕು; ವಿಜಯನಗರದ ಪೆಟ್ಲುಪ್ಪು, ಕಬ್ಬಿಣ, ಬಟ್ಟೆಗಳು ಅಂಕೋಲೆ ಹೊನ್ನಾವರಗಳಿಗೆ ಬಂದು ಪೋರ್ತುಗೀಸರಿಗೆ ಸೇರಬೇಕು. ಆದರೆ ಇಲ್ಲಿಯೂ ಆದಿಲಶಾಹಿಗೆ ಕುದುರೆಯಿಲ್ಲ, ಮುಸಲ್ಮಾನರ ಹಡಗುಗಳಿಗೆ ಬಂದರಿಲ್ಲ. ಮರುವರ್ಷವೇ ಗೋವೆಯವರು ಬಿಜಾಪುರದೊಡನೆಯೂ ಸಂಧಿ ಮಾಡಿಕೊಂಡರು! 1569ರಲ್ಲಿ ಅವರು ಹೊನ್ನಾವರವನ್ನೇ ಹಿಡಿದರು.

1623ರಲ್ಲಿ ಆ ಹೊನ್ನಾವರದ ಕೋಟೆಗೆ ಇಟಲಿಯವನೊಬ್ಬನು ಬಂದನು: ರೋಮಾಪುರದ ಪಿಯೆತ್ರೊ ದೆಲ್ಲಾ ವಾಲ್ಲೆ. ಇವನು ವರ್ತಕನಲ್ಲ, ಕೆಳದಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟಿದ್ದ ಪೋರ್ತುಗೀಸ್ ರಾಯಭಾರಿಯ ಜೊತೆಗಾರನು. ನಾಯಕನ ಪರವಾಗಿ ವಿಠಲ ಶೆಣೈ ಎಂಬ ಬ್ರಾಹ್ಮಣ ರಾಯಭಾರಿಯೂ ಸಂಗಡ ಇದ್ದನು. ಈಗ ಪರಿಸ್ಥಿತಿ ತಿರುಗಿತ್ತು. ಮೆಣಸು ಬೆಳೆಯುವ ಘಟ್ಟ ನಾಯಕನದು. ಬಂಗರ ಅರಸನ ವಿಷಯದಲ್ಲಿ ಅವನ ಕೈ ಮೇಲಾಗಿತ್ತು. ಮೆಣಸಿಗಾಗಿ ಗೋವೆಯವರೇ ಅವನ ರಾಜಧಾನಿಗೆ ನಡೆದುಹೋಗಬೇಕಾಯಿತು. ಅವರ ದೋಣಿಗಳು ಶರಾವತಿಯಲ್ಲಿ ಮೇಲೇರಿ ಗೇರುಸೊಪ್ಪೆಯನ್ನು ಮುಟ್ಟಿದುವು. ಪೋರ್ತುಗೀಸರು ‘ಮೆಣಸಿನ ರಾಣಿ’ ಎನ್ನುತ್ತಿದ್ದವಳ ಆ ಪಟ್ಟಣವು ಪಾಳುಬಿದ್ದು ಕಾಡು ಬೆಳೆದಿದ್ದುದನ್ನು ಪಿಯೆತ್ರೊ ಬರೆದುಕೊಂಡನು. ಅಲ್ಲಿಂದ ರಾಯಭಾರಿಗಳು ಘಟ್ಟವನ್ನು ಹತ್ತಿ ಇಕ್ಕೇರಿಗೆ ನಡೆದರು.