ಲಿನಕ್ಸಿನ ಆವೃತ್ತಿಗಳೂ ಕನ್ನಡದ ಒತ್ತಕ್ಷರಗಳೂ

ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು 1962ರ ಆಗಸ್ಟ್ 1ರಂದು ಸ್ಥಾಪಿತವಾದುದು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಲೇತುಗಳ ಸದ್ದಿನಿಂದ ತುಂಬಿದ್ದ ಅಲ್ಲಿಯ ಷೆಡ್ಡುಗಳ ಮಗ್ಗುಲಲ್ಲಿ ಕಾಲಕ್ರಮೇಣ ಆಶರ್ ಐ.ಟಿ. ಪಾರ್ಕಿನಂತಹ ಭವನಗಳು ತಲೆಯೆತ್ತಿ, ಗಣಕಗಳನ್ನು ನಡೆಸುವ ಕಸುಬು ನೆಲೆಗೊಂಡಾಗ, ಹಳೆಯ ಕುಶಲಕರ್ಮಿಗಳಿಗೆ ಚಿರಪರಿಚಿತವಾಗಿದ್ದ ಚಿಂತೆಯೊಂದು ಈ ಹೊಸಬರಿಗೂ ಬಂದೊದಗಿತು: ಬೋಲ್ಟಿನ ಥ್ರೆಡ್ಡು ನಟ್ಟಿಗೆ ಹೊಂದದಿದ್ದರೆ ಯಂತ್ರವು ಹೇಗೆ ಸ್ತಬ್ಧವಾಗುವುದೋ ಹಾಗೆಯೇ, ಲೈಬ್ರರಿಯೊಂದರ ಆವೃತ್ತಿಯು ಅದನ್ನು ನೆಚ್ಚಿಕೊಂಡ ತಂತ್ರಾಂಶಕ್ಕೆ ಹೊಂದದಿದ್ದರೆ ಗಣಕದ ಕಾರ್ಯವೂ ಸ್ತಬ್ಧವಾಗುವುದು.

ಈ ಚಿಂತೆಯ ಪರಿಹಾರಕ್ಕೂ ಒಂದು ಚರಿತ್ರೆಯುಂಟು. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಯೋಜನೆಯನ್ನು ಘೋಷಿಸಿದ ಬಳಿಕ ರೂಪುಗೊಂಡ ಡಿ-ಪ್ಯಾಕೇಜ್ ಎಂಬ ಸಾಧನವು, ಮತ್ತು 1995ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ತಂದ ಆರ್.ಪಿ.ಎಂ., ಪ್ಯಾಕೇಜನ್ನು ಸ್ಥಾಪಿಸಬಲ್ಲವಾಗಿದ್ದುವು, ಕೊರತೆಯೇನೆಂಬುದನ್ನು ತಿಳಿಸಬಲ್ಲವಾಗಿದ್ದುವು. ಆದರೆ ಆ ಕೊರತೆಯನ್ನು ತಾವೇ ತುಂಬಿಕೊಡಲಾರವಾಗಿದ್ದುವು. ಒಂದನ್ನು ಹುಡುಕಿ ತಂದರೆ ಅದು ಮತ್ತೊಂದನ್ನು ಬೇಡುವುದು, ಆ ಮತ್ತೊಂದು ಇನ್ನೊಂದನ್ನು ಬೇಡುವುದು. ಈ ಸರಪಳಿಯನ್ನು ತಾನೇ ಬಿಡಿಸಿ, ಬೇಕಾದುದನ್ನೆಲ್ಲ ತಾನೇ ತರಬಲ್ಲ 'ಆಪ್ಟ್' ಎಂಬ ಸಾಧನವು ಡೆಬಿಯನ್ 2.1ರೊಡನೆ, 1999ರ ಮಾರ್ಚಿಯಲ್ಲಿ, ಜನರ ಕೈಸೇರಿತು.

ನಮ್ಮ ದೇಶದಲ್ಲಾದರೋ ಪ್ಯಾಕೇಜುಗಳನ್ನು ತರುವ ದಾರಿಯೇ ಕಿರಿದಾಗಿದ್ದಿತು. ವಿ.ಎಸ್.ಎನ್.ಎಲ್. ಸಂಸ್ಥೆಯು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ತೆರೆದ ಇಂಟರ್ನೆಟ್ಟು ದೂರವಾಣಿಯ ತಂತಿಯನ್ನು ಹಿಡಿದು ಮೆಲ್ಲಗೆ ಬರುತ್ತಿದ್ದುದರಿಂದ, ಲಿನಕ್ಸ್ ಇಲ್ಲಿ ಹರಡಿದುದು ಬಹುಮಟ್ಟಿಗೆ ಸಿ.ಡಿ.ಗಳ ಮೂಲಕ. 1996ರ ಮಾರ್ಚಿಯಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯು ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿ.ಡಿ.ಯನ್ನು ಹಂಚಿತು; ಆ ಉದ್ಯಮದ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಸಿ.ಡಿ.ಯಲ್ಲಿರುವ ಪ್ಯಾಕೇಜುಗಳ ಪಟ್ಟಿಯನ್ನೂ ಓದಿಕೊಳ್ಳುವ ವ್ಯವಸ್ಥೆ ಆಪ್ಟಿನಲ್ಲಿ ಇದ್ದುದು ನಮ್ಮಂತಹ ನಾಡಿಗೆ ಎಂತಹ ಉಪಕಾರವೆಂಬುದನ್ನು ಆ ಕಾಲದ ಮೋಡೆಮುಗಳನ್ನು ಬಳಸಿದವರೇ ಬಲ್ಲರು.

ಕನ್ನಡಿಗನಿಗೆ ಈ ಚರಿತ್ರೆಯಲ್ಲಿ ಮರೆಯಲಾಗದ ಅಧ್ಯಾಯವೆಂದರೆ 2002ರದು. ಆ ವರ್ಷದ ಜೂನ್ 26ರಂದು ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರದ 2.0 ಆವೃತ್ತಿಯು ಹೊರಬಂದಿತು. ವಿಶ್ವದ ನಾನಾ ಲಿಪಿಗಳನ್ನು ಜೋಡಿಸುವುದಕ್ಕೆಂದೇ ರಚಿತವಾದ ಪ್ಯಾಂಗೋ ಎಂಬ ಲೈಬ್ರರಿಯನ್ನು ಅದು ಆಧರಿಸಿದ್ದುದರಿಂದ, ನಮ್ಮ ಒತ್ತಕ್ಷರಗಳು ಅಕ್ಷರದ ಅಡಿಯಲ್ಲಿ ತಮ್ಮ ಸ್ವಸ್ಥಾನವನ್ನು ಪಡೆಯುವ ಮಾರ್ಗವು ತೆರೆಯಿತು. ಇದಾದ ಮೂರು ವಾರಗಳಿಗೆ, ಜುಲೈ 19ರಂದು, ಡೆಬಿಯನ್ನಿನ 'ವುಡಿ' ಎಂಬ ಸುಸ್ಥಿರ ಆವೃತ್ತಿಯು ಬಿಡುಗಡೆಗೊಂಡಿತು; ಆದರೆ ಅದರಲ್ಲಿದ್ದುದು, ಸಂಯುಕ್ತಾಕ್ಷರಗಳನ್ನು ರೂಪಿಸಲರಿಯದ ಹಳೆಯ ಗ್ನೋಮ್ 1.4. ಸುಸ್ಥಿರ ಆವೃತ್ತಿಗೆ ಅಂಟಿಕೊಂಡವರು ಅದರ ಮುಂದಿನದಾದ 'ಸಾರ್ಜ್' ಬಂದ 2005ರ ಜೂನ್ 6ರವರೆಗೆ, ಎಂದರೆ ಸುಮಾರು ಮೂರು ವರ್ಷ, ಕಾಯಬೇಕಾಯಿತು. ಕಾಯಲಾರದವರು ಹೊಸ ಗ್ನೋಮನ್ನು ಅಸ್ಥಿರ ಶಾಖೆಯಿಂದ ಎಳೆದುಕೊಂಡರೆ ಅದರ ಬೆನ್ನಿಗೇ ಜಿಲಿಬ್‌ಸಿಯ ಹೊಸ ಆವೃತ್ತಿಯೂ ಬರುತ್ತಿದ್ದಿತು. ವ್ಯವಸ್ಥೆಯ ಅಡಿಗಲ್ಲೇ ಆದ ಆ ಲೈಬ್ರರಿಯು ಬದಲಾದ ಮೇಲೆ ಸುಸ್ಥಿರತೆಯು ಹೆಸರಿಗಷ್ಟೇ ಉಳಿಯುವುದು. ಈ ಸಂಕಟಕ್ಕೆಂದೇ ಸ್ವಯಂಸೇವಕರು ಹೊಸ ತಂತ್ರಾಂಶಗಳನ್ನು ಹಳೆಯ ಲೈಬ್ರರಿಗಳ ಮೇಲೆಯೇ ಮತ್ತೆ ಕಂಪೈಲ್ ಮಾಡಿ ಕೊಡತೊಡಗಿದರು. ಆ ಅಜ್ಞಾತ ಶ್ರಮವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಡೆಬಿಯನ್ನಿನ ವಿಳಂಬವನ್ನು ದೂಷಿಸುವವರು ಆಗಲೂ ಇದ್ದರು. ನನಗಾದರೋ ಅದು ನ್ಯಾಯವೆಂದು ತೋರುವುದಿಲ್ಲ: ರಾತ್ರಿಯ ಅಪ್‌ಗ್ರೇಡಿನ ಮರುದಿನ ಬೆಳಗ್ಗೆ ಸಂಬಳದ ಲೆಕ್ಕ ತಪ್ಪಬಾರದೆಂಬ ಕಛೇರಿಗೆ, ಆವೃತ್ತಿ ಬದಲಿಸದೆ ಭದ್ರತಾ ದೋಷಗಳನ್ನು ಮಾತ್ರ ತಿದ್ದುವ ಆ ಪದ್ಧತಿಯೇ ದೊಡ್ಡ ಆಸರೆ. 2014ರಲ್ಲಿ ದೀರ್ಘಾವಧಿಯ ಪೋಷಣೆ ಆರಂಭವಾಗಿ, ಒಂದು ಬಿಡುಗಡೆಯ ಆಯುಷ್ಯವು ಐದು ವರ್ಷಗಳಿಗೆ ಏರಿತು.

2007ರ ಜನವರಿಯಲ್ಲಿ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳಿಗಾಗಿ ಬಾಸ್ ಲಿನಕ್ಸನ್ನು ಹೊರತಂದುದು ಡೆಬಿಯನ್ನಿನ ತಳಹದಿಯ ಮೇಲೆಯೇ. ಈಗ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಡೆಬಿಯನ್ನಿನಲ್ಲಿ ಆವೃತ್ತಿಸಂಖ್ಯೆಯುಳ್ಳ ಪ್ಯಾಕೇಜುಗಳಾಗಿವೆ. ಅವುಗಳಲ್ಲಿ ಒತ್ತೊಂದರ ಆಕಾರವನ್ನು ತಿದ್ದಿದರೆ ಆ ತಿದ್ದುಪಡಿಯು ಇತರ ಎಲ್ಲ ಪ್ಯಾಕೇಜುಗಳಂತೆ ಆಪ್ಟಿನ ಅದೇ ದಾರಿಯಲ್ಲಿ ಗಣಕವನ್ನು ತಲಪುವುದು.