ಅಮ್ಮೆಂಬಳದ ಪೈಗಳು

ಕೆನರಾ ಬ್ಯಾಂಕಿನ ಮೂಲವಾದ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಅನ್ನು 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ಜನಿಸಿದುದು 1852ರಲ್ಲಿ, ಮೂಲ್ಕಿಯಲ್ಲಿ. ತಂದೆ ಉಪೇಂದ್ರ ಪೈಗಳು ಅಲ್ಲಿಯ ನ್ಯಾಯಾಲಯದಲ್ಲಿ ವಕೀಲರು. ಹಾಗಾದರೆ ಹೆಸರಿಗಂಟಿದ ಅಮ್ಮೆಂಬಳ ಎಲ್ಲಿಯದು? ಅದು ಬಂಟ್ವಾಳದ ಕಡೆಯ ಒಂದು ಹಳ್ಳಿ. ಮನೆತನದ ಹಳೆಯ ನೆಲೆಯ ಗುರುತು.

ಆದರೆ ಊರಿನ ಹೆಸರು ರಕ್ತಸಂಬಂಧಕ್ಕೆ ಸಾಕ್ಷಿಯಾಗದು. ಸ್ವಾತಂತ್ರ್ಯ ಹೋರಾಟಗಾರರಾದ ಅಮ್ಮೆಂಬಳ ಬಾಳಪ್ಪನವರು ಕುಲಾಲ ಸಮುದಾಯದವರು. ಊರೊಂದೇ, ವಂಶ ಬೇರೆ. ಪೈಗಳ ಮೂಲವನ್ನು ಅರಸುವವರು ಗೋತ್ರವನ್ನೂ ಗೋವೆಯಲ್ಲಿರುವ ಕುಲದೇವರನ್ನೂ ಹಿಡಿದು ತಂದೆಯ ಕಡೆಯಿಂದ ಹಿಂದಕ್ಕೆ ನಡೆಯಬೇಕು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. 1560ರಲ್ಲಿ ಅವರ ಮತವಿಚಾರಣೆಯ ಪೀಡೆ ತೊಡಗಿದ ಮೇಲಂತೂ ಗೌಡ ಸಾರಸ್ವತರ ಅನೇಕ ಕುಟುಂಬಗಳು ತೆಂಕಣಕ್ಕೆ ಬಂದವು. ಮೂಡುಬಿದಿರೆಯ ಚೌಟರಿಗಾಗಲಿ, ಬೆಳ್ತಂಗಡಿ ಸೀಮೆಯ ವೇಣೂರಿನ ಅಜಿಲರಿಗಾಗಲಿ ಈ ದಾರಿ ಸಲ್ಲದು. ಅಲ್ಲಿ ಅಳಿಯಸಂತಾನ; ತಾಯಿಯ ಕಡೆಯೇ ಆಧಾರ.

ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನು ತೆರೆದು ಅಲ್ಲಿಗೇ ನಿಲ್ಲದೆ 1894ರಲ್ಲಿ ಹೆಣ್ಣುಮಕ್ಕಳಿಗೂ ಶಾಲೆ ತೆರೆದರು. ಆದರೂ ನಮ್ಮ ವಂಶವೃಕ್ಷಗಳಲ್ಲಿ ಹೆಚ್ಚಾಗಿ ಗಂಡಸರ ಹೆಸರುಗಳೇ! ನೀವು ಬರೆಯಹೊರಟರೆ ಮನೆಯ ಹಿರಿಯ ಹೆಂಗಸರನ್ನು ಮೊದಲು ಕೇಳಿರಿ. ಯಾವ ಸೊಸೆಯ ತವರು ಯಾವುದೆಂಬುದು ಅವರಿಗಷ್ಟೇ ನೆನಪಿರುತ್ತದೆ.