ಹೊಲ ಹಿಡಿದು ಅಜ್ಜಿಯನ್ನು ಹುಡುಕುವುದು: ಗದಗ ಸೀಮೆಯ ಒಕ್ಕಲು ಮನೆಯ ಹೆಣ್ಣಿನ ಚರಿತ್ರೆಗೆ ಭೂದಾಖಲೆಗಳ ಆಧಾರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಒಕ್ಕಲು ಮನೆತನಗಳ ಚರಿತ್ರೆ ಬರೆಯಹೊರಟವರು ಮೊದಲು ಕೈಹಾಕುವುದು ವಂಶಾವಳಿಗೆ. ಅದಕ್ಕೆ ಈ ಭಾಗದಲ್ಲಿ ಗಟ್ಟಿಯಾದ ಪರಂಪರೆಯೂ ಇದೆ. ಎತ್ತಿನ ಮೇಲೆ ಊರೂರು ತಿರುಗುವ ಹೆಳವರು ತಮ್ಮ ಒಕ್ಕಲು ಮನೆಗಳ ತಲೆಮಾರುಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಬಂದು ಮೂಲ ಊರು, ಬೆಡಗು, ಹಿರಿಯರ ಹೆಸರು ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಬಟ್ಟೆಯ ಕಾಣಿಕೆ ಪಡೆದು ಹೋಗುತ್ತಾರೆ. ಆದರೆ ಆ ಪುಸ್ತಕದ ಮುಖ್ಯ ಎಳೆ ತಂದೆ-ಮಗನದು. ಮಗಳು ಮದುವೆಯಾಗಿ ಹೋದಲ್ಲಿಗೆ ಆ ಎಳೆ ಮುಗಿಯುತ್ತದೆ. ಸೊಸೆಯಾಗಿ ಬಂದವಳು ಮಕ್ಕಳ ತಾಯಿ ಎಂಬಷ್ಟಕ್ಕೆ ನಿಲ್ಲುತ್ತಾಳೆ. ವಾರಸಾ ದಾಖಲಿಸಲು ಕಚೇರಿಗೆ ಕೊಡುವ ವಂಶವೃಕ್ಷದ ಗತಿಯೂ ಬಹುಮಟ್ಟಿಗೆ ಇದೇ. ಅಲ್ಲಿ ಹೆಣ್ಣುಮಕ್ಕಳನ್ನು ಬಿಡುವುದು ಮರೆವಿನಿಂದಲ್ಲ, ಪಾಲು ಕೊಡಬೇಕಾದೀತೆಂಬ ಲೆಕ್ಕದಿಂದ. ಹೀಗಾಗಿ ಹೊಲದ ಮನೆಯಲ್ಲಿ ಬಾಳಿ ಸತ್ತ ಅಜ್ಜಿಯೊಬ್ಬಳ ಬದುಕನ್ನು ಕಟ್ಟಬೇಕಾದರೆ ವಂಶದ ದಾರಿ ಬಿಟ್ಟು ಹೊಲದ ದಾರಿ ಹಿಡಿಯಬೇಕು. ಹೆಸರಿಗಿಂತ ಮೊದಲು ಸರ್ವೆ ನಂಬರ್ ಹುಡುಕಬೇಕು ಎಂಬುದು ಈ ಲೇಖನದ ವಾದ.

ಈ ನಾಲ್ಕು ಪಟ್ಟಣಗಳನ್ನು ಆಯ್ದದ್ದಕ್ಕೆ ಕಾರಣವಿದೆ. ಇಂದು ಒಂದೇ ಜಿಲ್ಲೆಯಲ್ಲಿರುವ ಇವು 1948ರ ಮೊದಲು ಒಂದೇ ಆಡಳಿತದಲ್ಲಿರಲಿಲ್ಲ. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ ತಾಲೂಕು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಪೂರ್ವಕ್ಕೆ ಹೋದರೆ ನಿಜಾಮನ ಕುಕನೂರು, ಕೊಪ್ಪಳ. ತುಂಗಭದ್ರೆ ದಾಟಿದರೆ ಮದರಾಸು ಪ್ರಾಂತದ ಹಡಗಲಿ. ಸಂಸ್ಥಾನಗಳು 1948ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ವಿಲೀನವಾದವು, 1956ರಲ್ಲಿ ಈ ಪ್ರದೇಶವೆಲ್ಲ ಏಕೀಕೃತ ರಾಜ್ಯಕ್ಕೆ ಬಂತು, ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಗಂಡಸು ಈ ಗಡಿಗಳ ಒಂದು ಬದಿಯಲ್ಲೇ ಹುಟ್ಟಿ ಅಲ್ಲೇ ಸಾಯುವುದು ಸಾಮಾನ್ಯ. ಅವನ ಕಾಗದಪತ್ರ ಒಂದೇ ದಫ್ತರದಲ್ಲಿ ಉಳಿಯುತ್ತದೆ. ಹೆಣ್ಣು ಹಾಗಲ್ಲ. ಲಕ್ಷ್ಮೇಶ್ವರದ ಕಡೆ ಹುಟ್ಟಿ ಮುಂಡರಗಿ ಸೀಮೆಗೆ ಸೊಸೆಯಾಗಿ ಹೋದವಳ ಬಾಲ್ಯ ಮಿರಜ ಸಂಸ್ಥಾನದ ಒಡೆಯರಾದ ಪಟವರ್ಧನರ ಮರಾಠಿ ದಫ್ತರದ ಪಾಲಾದರೆ, ಸಂಸಾರ ಬ್ರಿಟಿಷರ ಕನ್ನಡ ದಫ್ತರದ ಪಾಲು. ನಡುವೆ ಅವಳ ಹೆಸರೂ ಬದಲಾಗಿರಬಹುದು, ಏಕೆಂದರೆ ಮದುವೆಯಲ್ಲಿ ಹೆಸರಿಡುವ ರೂಢಿ ಕೆಲವು ಸಮುದಾಯಗಳಲ್ಲಿತ್ತು. ಒಂದೇ ಹೆಣ್ಣು ಎರಡು ಸರ್ಕಾರಗಳ ಕಣ್ಣಿಗೆ ಸಂಬಂಧವೇ ಇಲ್ಲದ ಇಬ್ಬರಾಗಿ ಕಾಣುತ್ತಾಳೆ.

ಹೊಲದ ಮನೆಯ ವಾಸ ಈ ತೊಡಕನ್ನು ಮತ್ತಷ್ಟು ಬಿಗಿಮಾಡುತ್ತದೆ. ಗದಗಿನ ಸುತ್ತಲಿನ ಎರೆಭೂಮಿಯಲ್ಲಿ ಜನ ಊರೊಳಗೇ ಒತ್ತಾಗಿ ಮನೆ ಕಟ್ಟಿಕೊಂಡು ಹೊಲಕ್ಕೆ ಹೋಗಿಬರುವುದು ರೂಢಿ. ಕಪ್ಪತಗುಡ್ಡದ ಆಸುಪಾಸಿನ ಮಸಾರಿ ನೆಲದಲ್ಲಿ, ಬಾವಿ ಇದ್ದ ಕಡೆ, ತೋಟದ ಮನೆಗಳು ಹುಟ್ಟಿಕೊಂಡವು. ಗಾವಠಾಣದ ಹೊರಗಿನ ಅಂಥ ಮನೆಗೆ ಊರ ಮನೆಗಳಂತೆ ಪಂಚಾಯತಿ ಉತಾರ ಸಿಗುವುದು ಅಪರೂಪ. ಸರ್ಕಾರದ ಲೆಕ್ಕದಲ್ಲಿ ಅದು ಮನೆಯಲ್ಲ, ಹೊಲದ ಒಂದು ಭಾಗ. ಆದ್ದರಿಂದ ಅಲ್ಲಿ ಬದುಕಿದವಳ ವಿಳಾಸವೆಂದರೆ ಆ ಹೊಲದ ರಿ.ಸ. (ರಿವಿಜನ್ ಸರ್ವೆ) ನಂಬರೇ. ಮುಂಬಯಿ ಪ್ರಾಂತದಲ್ಲಿ 1903ರ ಕಾಯಿದೆಯಿಂದ ಹಕ್ಕುದಾಖಲೆ ಆರಂಭವಾಗಿ, 1913ರಲ್ಲಿ ಕಂದಾಯ ಸಂಹಿತೆಯ ಭಾಗವಾಯಿತು. ಅಂದಿನಿಂದ ಜಮೀನು ಕೈಬದಲಾದಾಗಲೆಲ್ಲ ಒಂದು ವರ್ದಿ, ವರ್ದಿಗೊಂದು ಡೈರಿ ನಂಬರ್. ಇಂದಿನ ಪಹಣಿಯಿಂದ ಡೈರಿ ನಂಬರುಗಳನ್ನು ಹಿಡಿದು ಹಿಂದೆ ಹಿಂದೆ ಹೋದರೆ ಹೆಣ್ಣಿನ ಹೆಸರು ಎಲ್ಲಿ ಮೂಡಿ ಎಲ್ಲಿ ಮುಳುಗಿತೆಂಬುದು ಕಾಣಿಸುತ್ತದೆ. ಗಂಡ ಸತ್ತು ಮಕ್ಕಳು ಚಿಕ್ಕವರಿದ್ದಾಗ ಅವಳು ‘ಅ.ಪಾ.ಕ. ತಾಯಿ’, ಅಂದರೆ ಅಪ್ರಾಪ್ತ ಮಕ್ಕಳ ಪಾಲಕಿ. ಪಾಲಿನಲ್ಲಿ ಅವಳ ಅನ್ನವಸ್ತ್ರಕ್ಕೆ ಒಂದಿಷ್ಟು ನೆಲ ಬಿಟ್ಟಿದ್ದರೆ ಇತರೆ ಹಕ್ಕುಗಳ ಕಾಲಮಿನಲ್ಲಿ ಪೋಟಗಿಯ ಮಾತು. ತವರಿನವರು ಅರಿಷಿಣ-ಕುಂಕುಮಕ್ಕೆಂದು ಕೊಟ್ಟಿದ್ದರೆ ಬಕ್ಷೀಸ್ ಪತ್ರ. ಮಕ್ಕಳಿಲ್ಲದಿದ್ದರೆ ದತ್ತಕ ಪತ್ರ, ಅದರ ಬೆನ್ನಿಗೆ ಭಾವ-ಮೈದುನರ ದಾವೆ. ಉಡಕಿ, ಅಂದರೆ ವಿಧವೆಯ ಮರುಮದುವೆ, ಆಗಿದ್ದರಂತೂ ದಾಖಲೆಯ ಮಹತ್ವ ಇನ್ನೂ ಹೆಚ್ಚು. 1856ರ ವಿಧವಾ ವಿವಾಹ ಕಾಯಿದೆಯ 2ನೆಯ ಕಲಮಿನ ಪ್ರಕಾರ ಮರುಮದುವೆಯಾದ ವಿಧವೆ ಮೊದಲ ಗಂಡನ ಆಸ್ತಿಯ ಹಕ್ಕು ಕಳೆದುಕೊಳ್ಳುತ್ತಿದ್ದಳು. ಮನೆತನದ ಕಥನದಲ್ಲಿ ಮುಚ್ಚಿಹೋದ ಮೊದಲ ಮದುವೆಯೊಂದು ಒಂದು ಊರಿನಲ್ಲಿ ಕಮ್ಮಿಯಾದ ಹೆಸರಾಗಿಯೂ ಇನ್ನೊಂದು ಊರಿನಲ್ಲಿ ಬೇರೆ ಗಂಡನ ‘ಕೋಂ’ (ಹೆಂಡತಿ) ಆಗಿಯೂ ಉಳಿದಿರುವ ಸಾಧ್ಯತೆ ಇಲ್ಲಿದೆ.

ಇವೆಲ್ಲಕ್ಕಿಂತ ತುಂಬಿದ ಸಾಕ್ಷ್ಯ ಹಕ್ಕುಬಿಟ್ಟ ಪತ್ರ. 1937ರ ಕಾಯಿದೆ ಹಿಂದೂ ವಿಧವೆಗೆ ಗಂಡನ ಪಾಲಿನಲ್ಲಿ ಸೀಮಿತ ಹಕ್ಕು ಕೊಟ್ಟಿತ್ತು. ಅದು ಕೃಷಿಭೂಮಿಗೆ ತಾಗದೆಂದು 1941ರಲ್ಲಿ ಫೆಡರಲ್ ಕೋರ್ಟು ಹೇಳಿದ ಮೇಲೆ ಮುಂಬಯಿ ಸರ್ಕಾರ ಪ್ರತ್ಯೇಕ ಕಾನೂನು ಮಾಡಿ ಹೊಲಗಳಿಗೂ ವಿಸ್ತರಿಸಿತು. 1956ರ ಉತ್ತರಾಧಿಕಾರ ಕಾಯಿದೆ ಆ ಸೀಮಿತ ಹಕ್ಕನ್ನು ಪೂರ್ಣ ಮಾಡಿದ್ದಲ್ಲದೆ ತಂದೆಯ ಪಾಲಿಗೆ ಮಗಳನ್ನೂ ವಾರಸುದಾರಳನ್ನಾಗಿಸಿತು. ಪರಿಣಾಮವೆಂದರೆ, ತವರಿನ ದಾಖಲೆಯಿಂದ ಎಂದೋ ಮರೆಯಾಗಿದ್ದ ಹೆಣ್ಣುಮಕ್ಕಳ ಹೆಸರು ತಂದೆ ಸತ್ತ ಕೂಡಲೆ ಮತ್ತೆ ಬೇಕಾಯಿತು. ಹಕ್ಕು ಕೊಡಲಿಕ್ಕಲ್ಲ, ಬಿಡಿಸಿಕೊಳ್ಳಲಿಕ್ಕೆ. ನೋಂದಾಯಿತ ಪತ್ರದಲ್ಲಿ ಅವಳ ಹೆಸರಿನೊಂದಿಗೆ ತಂದೆ, ಗಂಡ, ಇರುವ ಊರು, ವಯಸ್ಸು, ಉದ್ಯೋಗ, ಹೊಲದ ಚಕ್ಕುಬಂದಿ, ಕೊನೆಗೆ ಹೆಬ್ಬೆಟ್ಟು, ಎಲ್ಲವೂ ಒಂದೆಡೆ ಕೂಡಿರುತ್ತವೆ. ತವರು ಮತ್ತು ಗಂಡನ ಮನೆ ಒಂದೇ ಹಾಳೆಯ ಮೇಲೆ ಸೇರುವ ದಾಖಲೆ ಅವಳ ಬದುಕಿನಲ್ಲಿ ಬಹುಶಃ ಇದೊಂದೇ. ಅಂದರೆ ಒಕ್ಕಲು ಹೆಣ್ಣು ಕಾಗದದಲ್ಲಿ ಪೂರ್ಣವಾಗಿ ಕಾಣಿಸಿಕೊಳ್ಳುವುದು ನೆಲವನ್ನು ಕೈಬಿಡುವ ಗಳಿಗೆಯಲ್ಲಿ. ಗದಗಿನ ಹತ್ತಿರದ ಲಕ್ಕುಂಡಿಯ 1007ರ ಶಾಸನ ಇಲ್ಲಿ ನೆನಪಾಗುತ್ತದೆ. ಅತ್ತಿಮಬ್ಬೆಯನ್ನು ಮಲ್ಲಪಯ್ಯನ ಮಗಳು, ನಾಗದೇವನ ಹೆಂಡತಿ ಎಂದು ಎರಡೂ ಕಡೆಯಿಂದ ನಾವು ಅರಿಯಬಲ್ಲೆವಾದರೆ, ಅವಳು ಬಸದಿ ಕಟ್ಟಿಸಿ ದಾನ ಕೊಟ್ಟವಳೆಂಬುದೂ ಅದಕ್ಕೊಂದು ಕಾರಣ. ಅವಳ ಕಾಲದ ಒಕ್ಕಲಗಿತ್ತಿಗೆ ಆ ಭಾಗ್ಯವಿರಲಿಲ್ಲ. ಶ್ರೀಮಂತೆ ದಾನದಿಂದ ದಾಖಲಾದಳು, ಬಡವಿ ತ್ಯಾಗದಿಂದ ದಾಖಲಾದಳು ಎಂದು ಹೇಳಬೇಕೆನಿಸುತ್ತದೆ. ಆದರೆ ಹಕ್ಕುಬಿಟ್ಟ ಪತ್ರವನ್ನು ತ್ಯಾಗವೆಂದು ಕರೆಯಲು ಅವಳ ಒಪ್ಪಿಗೆ ನಿಜವಾಗಿತ್ತೇ ಎಂದು ಗೊತ್ತಿರಬೇಕು, ಅದನ್ನು ಪತ್ರ ಹೇಳುವುದಿಲ್ಲ.

ಇಲ್ಲೇ ಮೊದಲ ಆಕ್ಷೇಪ ಏಳುತ್ತದೆ. ಇಂಥ ಕಾಗದಗಳನ್ನು ಬರೆದವರು ಕುಲಕರ್ಣಿ, ತಲಾಠಿ, ಪತ್ರಬರಹಗಾರರು, ಅಂದರೆ ಗಂಡಸರು. ಅವರ ಅಚ್ಚಿನ ಮಾತುಗಳಲ್ಲಿ ಹೆಣ್ಣಿನ ಬದುಕು ಎಲ್ಲಿಂದ ಬರಬೇಕು? ಆಕ್ಷೇಪ ಸರಿಯಾದದ್ದೇ. ವಯಸ್ಸು ಹೆಚ್ಚಾಗಿ ಐದು-ಹತ್ತರ ಲೆಕ್ಕದಲ್ಲಿ ಬರೆದ ಅಂದಾಜು. ಉದ್ಯೋಗದ ಜಾಗದಲ್ಲಿ ಅಣ್ಣನಿಗೆ ‘ಒಕ್ಕಲುತನ’, ತಂಗಿಗೆ ‘ಮನೆಗೆಲಸ’, ಇಬ್ಬರೂ ಅದೇ ಹೊಲದಲ್ಲಿ ಬೆವರು ಸುರಿಸಿದ್ದರೂ. ಇನ್ನೊಂದು ಅಪಾಯ ಭೂಮಿತಿ ಕಾಯಿದೆಯದು. 1961ರ ಭೂಸುಧಾರಣೆ ಕಾಯಿದೆ, ಅದರಲ್ಲೂ 1974ರ ತಿದ್ದುಪಡಿಯ ಹೊತ್ತಿನಲ್ಲಿ ಮಿತಿಯಿಂದ ಜಮೀನು ಉಳಿಸಿಕೊಳ್ಳಲು ಹೆಂಗಸರ ಹೆಸರಿಗೆ ಹಚ್ಚಿದ್ದು ಎಲ್ಲರಿಗೂ ತಿಳಿದ ಸಂಗತಿ. ಆ ವರ್ಷಗಳ ಸುಮಾರಿಗೆ ಪಹಣಿಯಲ್ಲಿ ಹಠಾತ್ತನೆ ಕಾಣುವ ಹೆಣ್ಣಿನ ಹೆಸರನ್ನು ಒಡೆತನವೆಂದು ಓದಿದರೆ ಮೋಸಹೋದಂತೆ. ಆದರೆ ಇದರಿಂದ ದಾಖಲೆ ನಿರುಪಯೋಗಿಯಾಗದು. ಹೆಸರು ಹಚ್ಚಿದ್ದು ಯಾವ ವರ್ಷ, ಯಾವ ಕಾನೂನಿನ ನೆರಳಿನಲ್ಲಿ, ಸಾಗುವಳಿದಾರರ ಕಾಲಮಿನಲ್ಲಿ ಯಾರಿದ್ದಾರೆ ಎಂದು ಕೂಡಿಸಿ ನೋಡಿದರೆ, ಹೆಸರಿಗಷ್ಟೇ ಮಾಲಕಿಯಾಗಿದ್ದವಳನ್ನೂ ನಿಜವಾಗಿ ಹೊಲ ನಡೆಸಿದವಳನ್ನೂ ಬೇರ್ಪಡಿಸಲು ಬರುತ್ತದೆ. ಸುಳ್ಳು ನಮೂದೂ ಮನೆಯವರು ಅವಳನ್ನು ಯಾವುದಕ್ಕೆ ಬಳಸಿಕೊಂಡರೆಂಬುದರ ನಿಜವಾದ ಸಾಕ್ಷಿ.

ಅವಳ ದುಡಿಮೆಯ ಗುರುತು ಬೆಳೆಯ ಕಾಲಮಿನಲ್ಲಿ ಸಿಗುತ್ತದೆಂಬುದು ನನ್ನ ಮುಂದಿನ ಮಾತು. ಇದನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಪಹಣಿಯಲ್ಲಿ ಮಿಶ್ರಬೆಳೆಗೆ ಬೇರೆ ಜಾಗವಿದೆ. ಜೋಳದ ನಡುವೆ ಹೆಸರು, ಮಡಿಕೆ, ಅಲಸಂದಿಯ ಅಕ್ಕಡಿ ಸಾಲು ಹಾಕುವಾಗ ಎತ್ತಿನ ಕೂರಿಗೆ ನಡೆಸುವವನು ಗಂಡಸು. ಅದರ ಹಿಂದೆ ಹಗ್ಗದಿಂದ ಕಟ್ಟಿದ ಕೊಳವೆ ಹಿಡಿದು ಕಾಳು ಬಿಡುತ್ತ ನಡೆಯುವವಳು ಹೆಣ್ಣು. ಬೀಜ ಆರಿಸಿ ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಿಟ್ಟವಳೂ ಅವಳೇ. ಗದಗಿನ ಹತ್ತಿ ಪೇಟೆಯ ಸೆಳೆತಕ್ಕೆ ಹೊಲ ಪೂರ್ತಿ ಹತ್ತಿಗೆ ತಿರುಗಿದಾಗ ಮಿಶ್ರಬೆಳೆಯ ಕಾಲಮು ಖಾಲಿಯಾಗುತ್ತದೆ, ಬೀಜದ ಮೇಲಿನ ಅವಳ ಹಿಡಿತ ಸಡಿಲುತ್ತದೆ, ಅದರ ಬದಲಿಗೆ ಹತ್ತಿ ಬಿಡಿಸುವ ಕೆಲಸ ಬರುತ್ತದೆ. ಒಂದು ಸರ್ವೆ ನಂಬರಿನ ಬೆಳೆಗಳನ್ನು ಮೂವತ್ತು-ನಲವತ್ತು ವರ್ಷ ಸಾಲಾಗಿ ಇಟ್ಟು ಓದಿದರೆ ಆ ಮನೆಯ ಹೆಣ್ಣಿನ ದಿನಚರಿ ಬದಲಾದ ಕಾಲವನ್ನು ಸುಮಾರಾಗಿ ಗೊತ್ತುಮಾಡಬಹುದು. ಬೆಳೆ ನೋಡದೆ ಹಿಂದಿನ ವರ್ಷದ್ದನ್ನೇ ನಕಲು ಮಾಡಿದ ತಲಾಠಿಗಳೂ ಇದ್ದರೆಂಬುದನ್ನು ಮರೆಯಬಾರದು. ಸುತ್ತಲಿನ ಹೊಲಗಳಲ್ಲಿ ಅದೇ ಬದಲಾವಣೆ ಕಂಡರೆ ಮಾತ್ರ ಅದನ್ನು ನಂಬಬೇಕು.

ಬಾಯಿಮಾತಿನ ನೆನಪೇ ಸಾಕು, ಕಾಗದ ಯಾಕೆ ಎನ್ನುವವರಿಗೂ ಉತ್ತರ ಕೊಡಬೇಕು. ನೆನಪು ಕಾಗದಕ್ಕಿಂತ ಹೆಚ್ಚು ಹೇಳುತ್ತದೆ, ನಿಜ. ಆದರೆ ಕಾಲವನ್ನು ಅದು ಘಟನೆಗಳಿಂದ ಅಳೆಯುತ್ತದೆ. ಪ್ಲೇಗಿನಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದಾಗ ಹುಟ್ಟಿದವಳು ಎಂದರೆ 1898ರಿಂದ ಎರಡು ದಶಕ ಮರುಕಳಿಸಿದ ಪಿಡುಗಿನ ಯಾವ ವರ್ಷ? 1918ರ ಇನ್‌ಫ್ಲುಯೆಂಜಾವನ್ನೂ ಅದರೊಂದಿಗೆ ಬೆರೆಸಿರಬಹುದು. ಹೆಸರುಗಳೂ ಹೀಗೆಯೇ ಅರ್ಧ ದಾರಿ ತೋರಿಸುತ್ತವೆ. ಫಕೀರವ್ವ ಎಂಬ ಹೆಸರು ಶಿರಹಟ್ಟಿಯ ಫಕೀರೇಶ್ವರ ಮಠದ ನಡೆದುಕೊಳ್ಳುವಿಕೆಯನ್ನು ಸೂಚಿಸುತ್ತದೆ. ಗುದ್ನೆವ್ವ ಕುಕನೂರಿನ ಕಡೆಯ ಗುದ್ನೆಪ್ಪನನ್ನು, ಹುಲಿಗೆವ್ವ ಹುಲಿಗಿಯನ್ನು. ಮುಂಡರಗಿ ಸೀಮೆಯ ಮನೆಯಲ್ಲಿ ಗುದ್ನೆವ್ವನೆಂಬ ಸೊಸೆಯಿದ್ದರೆ ನಿಜಾಮನ ಗಡಿಯಾಚೆ ತವರನ್ನು ಹುಡುಕುವುದು ತರ್ಕಬದ್ಧ. ಆದರೆ ಹರಕೆ ಹೊರುವವರು ದೂರದವರೂ ಆಗಿರಬಹುದು, ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟಿರಬಹುದು. ಹೆಸರು ಎಲ್ಲಿ ಹುಡುಕಬೇಕೆಂದು ಹೇಳುತ್ತದೆ. ಸಿಕ್ಕದ್ದು ಅವಳೇ ಎಂದು ಖಾತ್ರಿಪಡಿಸಲು ತವರಿನ ಹೊಲದ ವರ್ದಿ ಬೇಕು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ನೆಲವೇ ಇಲ್ಲದವರದು. ಹೊಲ ಹಿಡಿದು ಹುಡುಕುವುದಾದರೆ ಹೊಲವಿಲ್ಲದ ಅಜ್ಜಿಯ ಗತಿ ಏನು? ಲಾವಣಿಗೋ ಪಾಲಿಗೋ ಮಾಡಿದವರ ಮಟ್ಟಿಗೆ ಉತ್ತರವಿದೆ. 1974ರ ತಿದ್ದುಪಡಿಯ ನಂತರ ಗೇಣಿದಾರರು ಭೂನ್ಯಾಯ ಮಂಡಳಿಗೆ ನಮೂನೆ 7 ಸಲ್ಲಿಸಲು 1979ರ ಜೂನ್ 30ರವರೆಗೆ ಅವಕಾಶವಿತ್ತು. ಅರ್ಜಿದಾರ ಗಂಡ ನಡುವೆ ಸತ್ತಿದ್ದರೆ ಹೆಂಡತಿ ವಾರಸುದಾರಳಾಗಿ ಕಡತಕ್ಕೆ ಬರುತ್ತಾಳೆ, ಎಂದಿನಿಂದ ಸಾಗುವಳಿ, ಯಾರಿಗೆ ಎಷ್ಟು ಕೊಟ್ಟೆವು, ಬದುವಿನ ಆಚೆ ಯಾರ ಹೊಲ ಎಂದು ಹೇಳಿಕೆ ಕೊಡುತ್ತಾಳೆ. ಓದು ಬರಹವಿಲ್ಲದ ಒಕ್ಕಲು ಹೆಣ್ಣಿನ ಮಾತು ಅವಳದೇ ಹೇಳಿಕೆಯಾಗಿ ಸರ್ಕಾರಿ ಕಾಗದದಲ್ಲಿ ಉಳಿದ ವಿರಳ ತಾಣಗಳಲ್ಲಿ ಇದೊಂದು. ತಳವಾರ, ವಾಲೀಕಾರ ಮನೆತನಗಳಿಗೆ ಚಾಕರಿಯ ಇನಾಮು ಹೊಲಗಳಿದ್ದವು. ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದ ಮೇಲೆ ನಡೆದ ಮರುಮಂಜೂರಿಯ ಕಡತಗಳಲ್ಲಿ ಅವರ ವಿಧವೆಯರನ್ನು ಹುಡುಕಬಹುದು. ಇವೆರಡೂ ಇಲ್ಲದ, ಕೂಲಿಯ ಮೇಲೆಯೇ ಬದುಕಿ ಒಡೆಯರ ಹೊಲದ ಗುಡಿಸಲಿನಲ್ಲಿ ಕಣ್ಣುಮುಚ್ಚಿದ ಅಜ್ಜಿಗೆ ಈ ವಿಧಾನ ಸಾಲದು. ಅವಳ ಮಟ್ಟಿಗೆ ಸರ್ವೆ ನಂಬರು ಬೇರೊಬ್ಬರ ಹೆಸರಿನಲ್ಲಿರುತ್ತದೆ. ಅವಳನ್ನು ಹುಡುಕುವವರು ಆ ಒಡೆಯನ ಮನೆಯ ಲೆಕ್ಕದ ವಹಿಯಿಂದ, ಊರಿನ ಜನನ-ಮರಣದ ರಿಜಿಸ್ಟರಿನಿಂದ, ಅವಳ ಜೊತೆ ಕಳೆ ತೆಗೆದವರ ಮಕ್ಕಳ ಮಾತಿನಿಂದ ಆರಂಭಿಸಬೇಕಾಗುತ್ತದೆ.